ಅಂಗಳದ ಕಲೆ, ಮೈಮನದ ಆರೋಗ್ಯ

1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಸಾವಿನೊಂದಿಗೆ ಸುರಪುರದ ದೊರೆತನ ಮುಗಿಯಿತು. ಎರಡು ವರ್ಷದಲ್ಲಿ ಸೀಮೆ ನಿಜಾಮನ ಕೈಸೇರಿತು. ಕೂದಲೆಳೆಯಂಥ ಗೆರೆಯಲ್ಲಿ, ಬಂಗಾರದ ಮೆರುಗಿನಲ್ಲಿ ದೇವರನ್ನೂ ದೊರೆಗಳನ್ನೂ ಬರೆಯುತ್ತಿದ್ದ ಗರುಡಾದ್ರಿ ಮನೆತನದ ಕಲಾವಿದರಿಗೆ ಅರಮನೆಯ ಆಸರೆ ತಪ್ಪಿತು. ಇತ್ತ 1859ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯ ಕುರಿತು ಪುಸ್ತಕ ಬರೆದರು. ಹಾಸಿಗೆ ಹಿಡಿದವರ ಕಣ್ಣೆದುರು ಚೆಂದದ ಬಣ್ಣ, ಬಗೆಬಗೆಯ ಆಕಾರಗಳಿದ್ದರೆ ಅದರ ಪರಿಣಾಮ ಮನಸ್ಸಿನಲ್ಲಿ ನಿಲ್ಲದೆ ದೇಹದವರೆಗೂ ಇಳಿಯುತ್ತದೆ, ಚೇತರಿಕೆಗೆ ನೆರವಾಗುತ್ತದೆ ಎಂದು ಅವರು ಅದರಲ್ಲಿ ವಾದಿಸಿದರು. ಎರಡು ಸಂಗತಿಗಳಿಗೂ ಪರಸ್ಪರ ಸಂಬಂಧವಿಲ್ಲ. ಆದರೆ ಕಲೆಯೊಡನೆ ಬಾಳುವ ನಮ್ಮ ರೂಢಿ ಸೊರಗತೊಡಗಿದ ಕಾಲಕ್ಕೇ ಕಲೆಯಿಂದ ಆರೋಗ್ಯಕ್ಕೇನು ಲಾಭವೆಂಬ ವಿಚಾರಣೆ ಬೇರೆಡೆ ಶುರುವಾಯಿತು ಎಂಬುದನ್ನು ಸುರಪುರ, ಕೊಡೇಕಲ್ ಕಡೆಯವರು ಮರೆಯಬಾರದು.

ನೈಟಿಂಗೇಲರ ಮಾತಿಗೆ ಇನ್ನೊಂದು ತಿರುವು ಸಿಕ್ಕಿದ್ದು ಸುಮಾರು 80 ವರ್ಷದ ನಂತರ. 1938ರಲ್ಲಿ ಕ್ಷಯರೋಗದಿಂದ ಆಸ್ಪತ್ರೆ ಸೇರಿದ ಇಂಗ್ಲೆಂಡಿನ ಚಿತ್ರಕಾರ ಏಡ್ರಿಯನ್ ಹಿಲ್ ಮಲಗಿದಲ್ಲಿಯೇ ಚಿತ್ರ ಬರೆಯುತ್ತ ತಿಂಗಳುಗಳನ್ನು ನೂಕಿದರು. ಮುಂದೆ ಅಲ್ಲಿನ ರೋಗಿಗಳಿಗೂ ಕುಂಚ ಹಿಡಿಸಿದರು. 1942ರಲ್ಲಿ ಈ ಕೆಲಸಕ್ಕೆ 'ಆರ್ಟ್ ಥೆರಪಿ' ಎಂದು ಹೆಸರಿಟ್ಟವರೂ ಅವರೇ. ಗಮನಿಸಬೇಕಾದದ್ದೆಂದರೆ, ಹಿಲ್ ಅವರು ಕಂಡುಕೊಂಡದ್ದು ಚಿತ್ರ ನೋಡುವುದರ ಗುಣವನ್ನಲ್ಲ, ಬರೆಯುವುದರ ಗುಣವನ್ನು. ಆದರೂ ಮುಂದಿನ ಸಂಶೋಧನೆ ಬಹುಕಾಲ ನೋಡುವುದರ ಬೆನ್ನಿಗೇ ಹೋಯಿತು. 1984ರಲ್ಲಿ ಸಂಶೋಧಕ ರೋಜರ್ ಉಲ್ರಿಚ್ ಅಮೆರಿಕದ ಆಸ್ಪತ್ರೆಯೊಂದರ ದಾಖಲೆಗಳನ್ನು ತೆಗೆದು, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳನ್ನು ಹೋಲಿಸಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಜೋರಾದ ನೋವಿನ ಔಷಧವೂ ಅವರಿಗೆ ಕಡಿಮೆ ಬೇಕಾಯಿತು. ಆಸ್ಪತ್ರೆಗಳ ಗೋಡೆಗೆ ನಿಸರ್ಗದ ಚಿತ್ರಗಳು ಏರಿದ್ದರ ಹಿಂದೆ ಈ ಅಧ್ಯಯನದ ಬಲವಿದೆ.

ನಂತರ ದೊಡ್ಡ ಲೆಕ್ಕಗಳು ಬಂದವು. 2019ರಲ್ಲಿ ಡೈಸಿ ಫ್ಯಾನ್‌ಕೋರ್ಟ್ ಮತ್ತು ಆಂಡ್ರ್ಯೂ ಸ್ಟೆಪ್ಟೋ ಇಂಗ್ಲೆಂಡಿನಲ್ಲಿ 50 ವರ್ಷ ದಾಟಿದ ಆರು ಸಾವಿರಕ್ಕೂ ಹೆಚ್ಚು ಜನರ 14 ವರ್ಷದ ಮಾಹಿತಿಯನ್ನು ಪ್ರಕಟಿಸಿದರು. ಕೆಲವು ತಿಂಗಳಿಗೊಮ್ಮೆಯಾದರೂ ಸಂಗೀತ, ನಾಟಕ, ಚಿತ್ರಶಾಲೆಗಳಿಗೆ ಹೋಗುತ್ತಿದ್ದವರಲ್ಲಿ ಆ ಅವಧಿಯ ಸಾವಿನ ಸಂಭವ ಶೇ 31ರಷ್ಟು ಕಡಿಮೆ ಇತ್ತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಮೂರು ಸಾವಿರಕ್ಕೂ ಮಿಕ್ಕ ಅಧ್ಯಯನಗಳನ್ನು ಒಟ್ಟು ಮಾಡಿ ವರದಿ ಹೊರಡಿಸಿತು. ಈ ಅಂಕಿಗಳನ್ನು ಕಣ್ಮುಚ್ಚಿ ಒಪ್ಪಲಾಗದು. ಗಟ್ಟಿಮುಟ್ಟಾಗಿರುವವರು, ಕೈಯಲ್ಲಿ ಕಾಸಿರುವವರು, ಓದಿದವರು ನಾಟಕ ನೋಡಲು ಹೆಚ್ಚು ಹೋಗುತ್ತಾರೆ. ಸಂಶೋಧಕರು ಹಣ, ಓದು, ರೋಗಗಳ ಭಾರವನ್ನು ಲೆಕ್ಕದಲ್ಲಿ ಕಳೆದು ನೋಡಿದ್ದಾರೆ, ನಿಜ. ಹಾಗಿದ್ದೂ ಇದು ಕಲೆಯೇ ಕಾರಣವೆಂಬ ಸಾಬೀತಲ್ಲ. ನನಗೆ ಇದಕ್ಕಿಂತ ದೊಡ್ಡ ಕೊರತೆಯಾಗಿ ಕಾಣುವುದು ಬೇರೆ: ಇಲ್ಲಿ ಕಲೆಯೆಂದರೆ ಮನೆ ಬಿಟ್ಟು ಟಿಕೆಟ್ ಪಡೆದು ನೋಡಿಬರುವ ವಸ್ತು. ಈ ಅಳತೆಗೋಲು ಹಿಡಿದು ಕೊಡೇಕಲ್‌ಗೆ ಬಂದವರಿಗೆ ಕಲೆಯೇ ಸಿಗದು.

ಈಗ ಯಾದಗಿರಿ ಜಿಲ್ಲೆಯ ಹುಣಸಗಿ ತಾಲ್ಲೂಕಿಗೆ ಸೇರಿದ ಕೊಡೇಕಲ್‌ನ ನೆಲ ಬಹಳ ಹಳೆಯದು. ಪುರಾತತ್ವಜ್ಞ ಕೆ. ಪದ್ದಯ್ಯನವರು ಇಲ್ಲಿ ನವಶಿಲಾಯುಗದ ದನಗಾಹಿಗಳ ಬೂದಿದಿಬ್ಬವನ್ನು ಅಗೆದು ಅಧ್ಯಯನ ಮಾಡಿದರು. ಹುಣಸಗಿ ಬಳಿಯ ಇಸಾಂಪುರದ ಕೈಗೊಡಲಿಗಳಿಗೆ ಸುಮಾರು 12 ಲಕ್ಷ ವರ್ಷದ ಪ್ರಾಯ ಹೇಳುತ್ತಾರೆ. ಎರಡೂ ಬದಿ ಒಂದೇ ಸಮ ಇಳಿಯುವಂತೆ ಕಲ್ಲನ್ನು ತಟ್ಟಿದ ಆ ಕೈಗಳಿಗೆ ಅಂದದ ಅರಿವೂ ಇತ್ತೆಂದೇ ನಾನು ನಂಬುತ್ತೇನೆ. 16ನೆಯ ಶತಮಾನದ ಕೊಡೇಕಲ್ ಬಸವಣ್ಣನವರ ಕಾಲಜ್ಞಾನದ ಪರಂಪರೆ ಹಿಂದೂ ಮುಸ್ಲಿಮರಿಬ್ಬರನ್ನೂ ಇಲ್ಲಿಗೆ ಎಳೆದು ತಂದಿತು.

ಈ ಭಾಗದ ಕಲೆ ವರ್ಷದ ತಿರುಗಣಿಯಲ್ಲಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣು ಕಲಸಿ ಜೋಡೆತ್ತು ಮಾಡಬೇಕು, ಅವುಗಳ ಮುಂದೆ ಪುಟ್ಟ ಗ್ವಾದಲಿ ಕಟ್ಟಬೇಕು. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಣ್ಣಿನ ಗುಳ್ಳವ್ವನನ್ನು ಮಾಡಿ ಗುಲಗಂಜಿ, ಜೋಳದ ಕಾಳು ಒತ್ತಿ ಸಿಂಗರಿಸುತ್ತಾರೆ. ಭಾದ್ರಪದಕ್ಕೆ ಜೋಕುಮಾರ ಬರುತ್ತಾನೆ, ದೀಪಾವಳಿಗೆ ಸಗಣಿಯ ಪಾಂಡವರು. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆ, ರಿವಾಯತ್ ಪದ. ತಾಂಡಾಗಳಲ್ಲಿ ಕನ್ನಡಿ ಹಚ್ಚಿದ ಕಸೂತಿ. ಬಿಡುವಿದ್ದಾಗ ಹಳೆ ಸೀರೆಗಳ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವುದು. ಇವುಗಳಲ್ಲಿ ಬಹಳಷ್ಟು ಉಳಿಸಿಡಲು ಮಾಡಿದವಲ್ಲ. ಗುಳ್ಳವ್ವ ನೀರು ಸೇರುತ್ತಾಳೆ, ರಂಗೋಲಿ ಸಂಜೆಗೆ ಅಳಿಸುತ್ತದೆ, ಕೌದಿ ಹೊದ್ದು ಹೊದ್ದು ಸವೆಯುತ್ತದೆ. ಮತ್ತೆ ಮಾಡಲೇಬೇಕಾದ್ದರಿಂದ ಕೈ ರೂಢಿ ತಪ್ಪುವುದಿಲ್ಲ.

ಗೋಡೆಯ ಮೇಲಿನ ಚಿತ್ರ ಈ ಮನೆಗಳಿಗೆ ತಡವಾಗಿ ಬಂತು. 1894ರಲ್ಲಿ ರವಿವರ್ಮ ಮುಂಬೈಯಲ್ಲಿ ಅಚ್ಚುಕೂಟ ತೆರೆದ ಮೇಲೆ ದೇವರ ಪಟ ಬಡವರ ಜಗಲಿಗೂ ಎಟುಕಿತು. ಆಮೇಲೆ ಕಲಬುರಗಿಯವರೇ ಆದ ಎಸ್.ಎಂ. ಪಂಡಿತರ (1916–1993) ಚಿತ್ರಗಳು ಕ್ಯಾಲೆಂಡರುಗಳಲ್ಲಿ ದೇಶವನ್ನೆಲ್ಲ ಸುತ್ತಿದವು. ಕ್ಯಾಲೆಂಡರ್ ಕಲೆಯನ್ನು ಕೀಳಾಗಿ ಕಾಣುವ ವಿಮರ್ಶಕರ ಜೊತೆ ನಾನಿಲ್ಲ. ಬೆಳಿಗ್ಗೆ ಎದ್ದು ಮೊದಲು ನೋಡುವ ಮುಖ ಚೆಲುವಾಗಿರಲಿ ಎಂದು ಬಯಸಿದ ಮನೆಗಳಿಗೆ ಅವು ಬೇಕಾಗಿದ್ದವು.

ನೋಡುವುದನ್ನಲ್ಲ, ಮಾಡುವುದನ್ನೇ ಅಳೆದ ಅಧ್ಯಯನಗಳೂ ಈ ನಡುವೆ ಬಂದಿವೆ. 2015ರಲ್ಲಿ ಇಂಗ್ಲೆಂಡಿನ ಕೆಂಟ್‌ನಲ್ಲಿ 60 ದಾಟಿದ 258 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನವರನ್ನು ವಾರವಾರ ಕೂಡಿ ಹಾಡಿಸಿದ ಫಲಿತಾಂಶ ಪ್ರಕಟವಾಯಿತು. ಹಾಡಿದವರ ಮಾನಸಿಕ ಸ್ವಾಸ್ಥ್ಯ ಮೇಲಾಗಿತ್ತು, ಆತಂಕ, ಖಿನ್ನತೆ ಇಳಿದಿದ್ದವು. 2016ರಲ್ಲಿ ಅಮೆರಿಕದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 39 ಜನರಿಗೆ 45 ನಿಮಿಷ ಬಣ್ಣ, ಜೇಡಿಮಣ್ಣು, ಕಾಗದದ ಕೆಲಸ ಕೊಟ್ಟು, ಮೊದಲೂ ನಂತರವೂ ಜೊಲ್ಲಿನಲ್ಲಿ ಕಾರ್ಟಿಸೋಲ್ ಅಳೆದರು. ಒತ್ತಡದ ಈ ಹಾರ್ಮೋನು ಮುಕ್ಕಾಲು ಪಾಲು ಜನರಲ್ಲಿ ಇಳಿದಿತ್ತು. ಮುಂಚೆ ಕಲೆ ಕಲಿತವರಿಗೂ ಕಲಿಯದವರಿಗೂ ಅದರಲ್ಲಿ ವ್ಯತ್ಯಾಸವಿರಲಿಲ್ಲ. ಪ್ರಯೋಗ ಸಣ್ಣದು, ಕಲೆ ಮಾಡದೆ ಕೂತವರ ಹೋಲಿಕೆಯೂ ಅದರಲ್ಲಿಲ್ಲ. ಆದರೂ ದಿಕ್ಕು ಸರಿಯಿದೆ. ಕೌದಿ ಹೊಲಿಯುವ ಅಜ್ಜಿಗೂ, ಭಜನೆಗೆ ಕೂಡುವ ಮಂದಿಗೂ ಈ ವಿಜ್ಞಾನ ಈಗ ಹತ್ತಿರ ಬಂದಿದೆ.

ಅಷ್ಟರಲ್ಲಿ ಇಲ್ಲಿನ ಬದುಕು ಬದಲಾಗಿದೆ. ಯಾದಗಿರಿ ಜಿಲ್ಲೆಯ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗುತ್ತವೆ. ತಗಡಿನ ಶೆಡ್ಡಿಗೆ ರಂಗೋಲಿ ಹಾಕುವ ಅಂಗಳವಿಲ್ಲ, ಕಟ್ಟಡದ ಕೆಲಸಕ್ಕೆ ಹೋಗುವ ಹೆಣ್ಣುಮಗಳಿಗೆ ಸೂಜಿ ಹಿಡಿಯುವಷ್ಟು ಬಿಡುವಿಲ್ಲ. ಊರಲ್ಲಿ ಉಳಿದವರಿಗೂ ಮಣ್ಣೆತ್ತು ಸಂತೆಯಲ್ಲಿ ಬಣ್ಣ ಹಚ್ಚಿಕೊಂಡೇ ಸಿಗುತ್ತದೆ. ಕಲೆ ಒಳ್ಳೆಯದೆಂದು ಭಾಷಣ ಮಾಡಿದರೆ ಸಾಲದು. ಊರಲ್ಲೇ ಕೂಲಿ, ದಿನಕ್ಕೊಂದು ತಾಸು ಬಿಡುವು, ಮನೆಮುಂದೆ ನಾಲ್ಕು ಮೊಳ ಜಾಗ ಇದ್ದಾಗಲೇ ಅದು ಬದುಕಿನ ಜೊತೆ ಉಳಿಯುವುದು.

ಕಲಬುರಗಿ, ಯಾದಗಿರಿಯ ವೈದ್ಯರು ಮತ್ತು ಜಾನಪದ ವಿದ್ವಾಂಸರು ಒಟ್ಟಿಗೆ ಕೂತು ಕಲೆಯಿಂದ ಆರೋಗ್ಯಕ್ಕಾಗುವ ಲಾಭವನ್ನು ಈ ಸೀಮೆಯಲ್ಲೇ ಅಳೆಯಬೇಕು. ಕೌದಿ ಹೊಲಿಯುವವರನ್ನು, ರಿವಾಯತ್ ಹಾಡುವವರನ್ನು ಕೇಳಬೇಕು. ಅಂಗನವಾಡಿಗಳಲ್ಲಿ ಆಷಾಢದ ಮಂಗಳವಾರಗಳನ್ನು ಮಣ್ಣಿನ ಕೆಲಸಕ್ಕೆ ಬಿಟ್ಟುಕೊಡಬೇಕು. ಓದುಗರಲ್ಲಿ ನನ್ನದೊಂದು ಕೋರಿಕೆ: ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ಸಂತೆಯಿಂದ ತರಬೇಡಿ. ಮಣ್ಣು ಕಲಸಿ ಮಕ್ಕಳ ಕೈಗೆ ಕೊಡಿ, ನೀವೂ ಪಕ್ಕದಲ್ಲಿ ಕೂಡಿರಿ.