ಹದ: ಕೊಯಮತ್ತೂರು ಸೀಮೆಯಲ್ಲಿ ಒಂದು ಕನ್ನಡ ಶಬ್ದದ ಚರಿತ್ರೆ

ಕಣ್ಣಿಗೆ ನೇರವಾಗಿ ಕಾಣದ, ಬಲ್ಲವರ ಬೆರಳಿಗೆ ಮಾತ್ರ ತಿಳಿಯುವ ಒಳಗುಣವನ್ನು ಕನ್ನಡವು ‘ಹದ’ ಎಂದು ಕರೆದಿದೆ. ಮಳೆ ಕಂಡ ನೆಲಕ್ಕೆ, ಬೆಲ್ಲದ ಪಾಕಕ್ಕೆ, ಚರ್ಮಕ್ಕೆ, ಕೊನೆಗೆ ಮಾತಿಗೂ ಹದ ಉಂಟು. ಅದು ಅಳತೆಯಲ್ಲ, ಹೆಚ್ಚಾದರೂ ಕಡಿಮೆಯಾದರೂ ಕೆಡುವಂಥ ಒಂದು ಸ್ಥಿತಿಯ ಹೆಸರು.

ಹಳಗನ್ನಡದಲ್ಲಿ ಇದರ ರೂಪ ‘ಪದ’. ಸುಮಾರು ಹತ್ತನೆಯ ಶತಮಾನದಿಂದೀಚೆಗೆ ದೇಶ್ಯ ಶಬ್ದಗಳ ಮೊದಲ ಪಕಾರವು ಹಕಾರವಾಗುತ್ತ ಬಂದಿತು. ‘ಪಾಲ್’ ಹಾಲಾಯಿತು, ‘ಪೂ’ ಹೂವಾಯಿತು, ‘ಪದ’ ಹದವಾಯಿತು. ಶಬ್ದ ಎಂಬರ್ಥದ ಸಂಸ್ಕೃತದ ‘ಪದ’ ಮಾತ್ರ ಹಾಗೆಯೇ ಉಳಿಯಿತು. ಹೀಗೆ ಒಂದೇ ಉಚ್ಚಾರದ ಎರಡು ಶಬ್ದಗಳು ಕನ್ನಡದಲ್ಲಿ ಬೇರ್ಪಟ್ಟವು. ತಮಿಳಿನಲ್ಲಿ ಅವೆರಡೂ ಇಂದಿಗೂ ‘ಪದಂ’. ಒಂದು ಮಡಕೆ ಅನ್ನಕ್ಕೆ ಒಂದು ಅಗುಳೇ ‘ಪದಂ’ ಎಂಬ ತಮಿಳು ಗಾದೆಯಲ್ಲಿ ಬೆಂದ ಸ್ಥಿತಿಯನ್ನು ಹೇಳುವ ಶಬ್ದವು ಪರೀಕ್ಷೆಯ ಅರ್ಥಕ್ಕೂ ಹಬ್ಬಿದೆ.

ಈ ಎರಡು ರೂಪಗಳು ನೆರೆಹೊರೆಯಾಗಿರುವ ಪ್ರದೇಶ ಕೊಯಮತ್ತೂರು ಸೀಮೆ. 1799ರವರೆಗೆ ಇದು ಮೈಸೂರಿನ ಆಳ್ವಿಕೆಯಲ್ಲಿತ್ತು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂದಿನ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡ ಮನೆಮಾತಿನ ದೇವಾಂಗ ನೇಕಾರರಿದ್ದಾರೆ. ಅವರ ಮಕ್ಕಳ ಓದುಬರಹ ಬಹುಮಟ್ಟಿಗೆ ತಮಿಳಿನಲ್ಲಿ.

ನೇಯ್ಗೆಯು ಹದವನ್ನೇ ನೆಚ್ಚಿದ ಕಸುಬು. ಹಾಸಿನ ನೂಲಿಗೆ ಹಚ್ಚುವ ಗಂಜಿ ತೆಳುವಾದರೆ ಎಳೆ ನವಿರೆದ್ದು ಕಡಿಯುತ್ತದೆ. ಮಂದವಾದರೆ ಬಿರುಸಾಗಿ ಮುರಿಯುತ್ತದೆ. ಒಣಹವೆಯ ದಿನದ ಗಂಜಿ ಬೇರೆ, ತೇವದ ದಿನದ್ದು ಬೇರೆ. ಪಾಲಕ್ಕಾಡು ಕಣಿವೆಯಿಂದ ಬೀಸುವ ಗಾಳಿ ಈ ಸೀಮೆಯ ನೂಲಿಗೆ ತೇವವನ್ನು ತರುತ್ತದೆ. ಕುಣಿಮಗ್ಗದಲ್ಲಿ ಹಾಸು ನೆಲಕ್ಕೆ ಸಮೀಪವಿದ್ದು ಆ ತೇವವನ್ನು ಕಾಯ್ದುಕೊಳ್ಳುತ್ತದೆ. ಇದನ್ನೆಲ್ಲ ಎಣಿಸಿ ನಿರ್ಣಯಿಸುವುದು ಎಳೆಯನ್ನು ಉಜ್ಜಿ ನೋಡುವ ಬೆರಳು. ಆ ನಿರ್ಣಯದ ಹೆಸರು ಹದ.

1888ರಲ್ಲಿ ಕೊಯಮತ್ತೂರಿನಲ್ಲಿ ನೂಲಿನ ಗಿರಣಿ ಆರಂಭವಾಯಿತು. ಮುಂದೆ ವಿದ್ಯುತ್ ಮಗ್ಗಗಳು ಬಂದವು. ಗಂಜಿ ಹಾಕುವ ಕೆಲಸ ಯಂತ್ರಕ್ಕೂ, ಅದರ ಪಾಕ ಗೊತ್ತಾದ ಅಳತೆಗೂ ಸೇರತೊಡಗಿತು. ಬೆರಳು ನಿರ್ಣಯಿಸುವ ಸಂದರ್ಭ ಕಡಿಮೆಯಾದಂತೆ ಶಬ್ದದ ನೆಲೆಯೂ ಕಿರಿದಾಗುತ್ತದೆ. ಬರಹದ ಕನ್ನಡದಲ್ಲಿಯೇ ಇಂದು ‘ಹದಗೆಟ್ಟ ರಸ್ತೆ’ ಹೆಚ್ಚು ಪರಿಚಿತ. ಗುಣಕ್ಕಿಂತ ಅದರ ಕೇಡೇ ಬಳಕೆಯಲ್ಲಿ ಉಳಿದಿದೆ.

ಕೊಯಮತ್ತೂರಿನ ಕನ್ನಡಿಗನು ‘ಹದ’ವನ್ನು ಬಿಟ್ಟು ‘ಪದಂ’ ಎಂದರೆ ಅರ್ಥವೇನೂ ನಷ್ಟವಾಗದು. ನಷ್ಟವಾಗುವುದು ಸಾವಿರ ವರ್ಷಗಳ ಹಿಂದೆ ಆರಂಭವಾದ ಧ್ವನಿವ್ಯತ್ಯಾಸದ ಗುರುತು. ಲಿಪಿಯ ಆಸರೆಯಿಲ್ಲದ ಮನೆಮಾತಿನಲ್ಲಿ ಅಂಥ ಗುರುತಿಗೆ ನಾಲಿಗೆಯೊಂದೇ ದಾಖಲೆ. ಆದುದರಿಂದ ಈ ಶಬ್ದವನ್ನು ಪಟ್ಟಿಯಲ್ಲಿ ಸೇರಿಸಿದರೆ ಸಾಲದು. ಯಾವ ಕೆಲಸದಲ್ಲಿ, ಯಾವ ವಸ್ತುವನ್ನು ಮುಟ್ಟಿ, ಯಾರು ಯಾರಿಗೆ ಇದನ್ನು ಹೇಳುತ್ತಾರೆ ಎಂಬುದನ್ನೂ ದಾಖಲಿಸಬೇಕು. ಗಂಜಿಯ ಪಾತ್ರೆಯಿಂದ ಬೇರ್ಪಡಿಸಿದ ಹದಕ್ಕೆ ನಿಘಂಟಿನಲ್ಲಿ ಅರ್ಥವಿರುತ್ತದೆ, ಹದವಿರುವುದಿಲ್ಲ.