ಹನ್ನೆರಡು ತಿಂಗಳ ಗೋಡೆ

ಕೆನಡಾ 1967ರಲ್ಲಿ ವಲಸಿಗರ ಆಯ್ಕೆಗೆ ಅಂಕಪದ್ಧತಿ ತಂದಿತು. ಓದು, ಕಸುಬು, ಭಾಷೆಗೆ ಅಂಕ. ಹುಟ್ಟಿದ ದೇಶ ಲೆಕ್ಕಕ್ಕಿಲ್ಲ. ಭಾರತದ ಎಂಜಿನಿಯರುಗಳಿಗೂ ಬಾಗಿಲು ತೆರೆಯಿತು. ಆದರೆ ವೀಸಾ ಕೊಡಿಸಿದ ಪದವಿ ಟೊರಾಂಟೋದಲ್ಲಿ ಕೆಲಸ ಕೊಡಿಸಲಿಲ್ಲ. ಟ್ಯಾಕ್ಸಿ ಓಡಿಸಿ ಸಂಸಾರ ತೂಗಿಸಿದ ಎಂಜಿನಿಯರುಗಳಿದ್ದರು.

ಟೊರಾಂಟೋ ಇರುವ ಒಂಟಾರಿಯೋ ಪ್ರಾಂತ್ಯದಲ್ಲಿ ಎಂಜಿನಿಯರಿಗೆ ಪರವಾನಗಿ ಕೊಡುವುದು 1922ರಲ್ಲಿ ಹುಟ್ಟಿದ ವೃತ್ತಿಸಂಸ್ಥೆ. ಅದು ಕೇಳುತ್ತಿದ್ದ ನಾಲ್ಕು ವರ್ಷಗಳ ಅನುಭವದಲ್ಲಿ ಕನಿಷ್ಠ 12 ತಿಂಗಳು ಕೆನಡಾದಲ್ಲೇ, ಪರವಾನಗಿ ಇರುವ ಎಂಜಿನಿಯರರ ಕೈಕೆಳಗೆ ಆಗಿರಬೇಕಿತ್ತು. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವೆಲ್ಲಿಂದ? ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎಂಬ ನಮ್ಮ ಗಾದೆಯ ಫಜೀತಿ.

ಈ ಗೋಡೆ ದಾಟಿಸಲು ಬ್ರಿಡ್ಜಿಂಗ್ ಕೋರ್ಸುಗಳು ಬಂದವು, ಹಳಬರನ್ನು ಹೊಸಬರಿಗೆ ಮಾರ್ಗದರ್ಶಕರಾಗಿ ಜೋಡಿಸುವ ಯೋಜನೆಗಳೂ ಬಂದವು. ರೆಸ್ಯೂಮೆ ತಿದ್ದಿದರು, ಅಲ್ಲಿನ ಕಟ್ಟಡ ನಿಯಮ ಕಲಿಸಿದರು. ಉಪಯೋಗವಾಯಿತು, ನಿಜ. ಗೋಡೆ ಮಾತ್ರ ನಿಂತೇ ಇತ್ತು.

2013ರಲ್ಲಿ ಪ್ರಾಂತ್ಯದ ಮಾನವ ಹಕ್ಕುಗಳ ಆಯೋಗ ಕೆನಡಾದ ಅನುಭವವೇ ಬೇಕೆಂಬ ಷರತ್ತು ಮೇಲ್ನೋಟಕ್ಕೇ ತಾರತಮ್ಯ ಎಂದಿತು. ಆಯೋಗದ ಮಾತಿಗೆ ಕಾನೂನಿನ ಬಲ ಸಿಗಲು 2021 ಬರಬೇಕಾಯಿತು. 2023ರ ಮೇ ತಿಂಗಳಲ್ಲಿ ವೃತ್ತಿಸಂಸ್ಥೆ 12 ತಿಂಗಳ ನಿಯಮ ಕೈಬಿಟ್ಟಿತು. 2026ರ ಜನವರಿ 1ರಿಂದ ಒಂಟಾರಿಯೋದಲ್ಲಿ 25 ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಉದ್ಯೋಗ ಜಾಹೀರಾತಿನಲ್ಲಿ ಕೆನಡಾದ ಅನುಭವ ಕೇಳುವಂತಿಲ್ಲ.