ಒಂದು ಮಾರು, ಒಂದು ಮೊಳ

ಹೂವಿನಾಕಿ ಮೊಳ ಹಾಕಿ ಮಾಲಿ ಕೊಡೂದು ನಮಗೇನು ಹೊಸದಲ್ಲ. ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಮಂದಿ ಕಯಾಕ್ ದೋಣಿಯ ಹುಟ್ಟುಗೋಲನ್ನೂ ಹಿಂಗ ಅಳೀತಿದ್ರು ಅಂತ ಓದಿ ಭಾಳ ಖುಷಿ ಆತು. ಕೈ ಚಾಚಿದ್ರ ಒಂದು ಮಾರು, ಅದರ ಮ್ಯಾಲ ಒಂದು ಮೊಳ, ಅಷ್ಟ ಉದ್ದ. ಅಲಗಿನ ಅಗಲ ಕೈಯಾಗ ಹಿಡಿಯುವಷ್ಟು. ಹಿಂಗಾಗಿ ಒಬ್ಬರದು ಇನ್ನೊಬ್ಬರಿಗೆ ಹೊಂದತಿದ್ದಿಲ್ಲ.

ಅಲ್ಲಿ ದೊಡ್ಡ ಗಿಡ ಬೆಳೆಯೂದಿಲ್ಲ. ಸೈಬೀರಿಯಾದ ನದಿಗಳಿಂದ ಮಂಜುಗಡ್ಡಿ ಜೋಡಿ ತೇಲಿ ಬಂದ ಕಟ್ಟಿಗಿ ಕೆತ್ತಿ, ಅಂಚು ಸವೀಬಾರದಂತ ಎಲುಬು ಕೂಡಿಸತಿದ್ರು. ಕಯಾಕಿಗೆ ಸೀಲ್ ಪ್ರಾಣಿಯ ತೊಗಲು ಹೊಲಿಯೂದು ಹೆಣ್ಮಕ್ಕಳ ಕೆಲಸ. ಹೊಲಿಗಿ ಬಿಚ್ಚಿದ್ರ ಗಂಡನ ಜೀವಕ್ಕ ಕುತ್ತು. ದೋಣಿ ಮಗಚಿದ್ರ ಅದ ಹುಟ್ಟು ಬೀಸಿ ಅಂವ ಮತ್ತ ಮ್ಯಾಲ ಏಳಬೇಕು.

ಇಂಗ್ಲೆಂಡಿನ ಜಿನೋ ವಾಟ್ಕಿನ್ಸ್ 1930–31ರ ಪ್ರವಾಸದಾಗ ಅವರ ಕಡಿಂದನ ಈ ವಿದ್ಯಾ ಕಲ್ತ. 1932ರಾಗ ಒಬ್ಬನ ಸೀಲ್ ಬ್ಯಾಟಿಗೆ ಹೋದ. ಕಯಾಕ್ ಸಿಕ್ತು, ಅಂವ ಸಿಗಲಿಲ್ಲ. ಕಲ್ತವರಿಗೂ ಆ ಸಮುದ್ರ ಅಷ್ಟು ಕಠಿಣ.

ಇವತ್ತೂ ಇಂಥ ಹುಟ್ಟು ಕೈಲೆ ಕೆತ್ತಿ ಮಾರೋರು ಇದ್ದಾರ. ಹೊರದೇಶದಾಗಿನ ನಮ್ಮ ಹುಡುಗರು ಕೊಳ್ಳೂದಿದ್ರ ಹೇಳ್ರಿ: ಬರೇ ಹೊಳಪು ನೋಡಬ್ಯಾಡ್ರಪ್ಪಾ, ಮೊದಲ ಕೈ ಚಾಚಿ ಅಳೀರಿ.